ಮನೆಯ ಬಿಯರು: ಒಂದು ಕೈಯರಿವಿನ ಚರಿತ್ರೆ

ಮದ್ಯದ ಚರಿತ್ರೆ ಎಂದೊಡನೆ ಅರಸರ ಪಾನಗೋಷ್ಠಿ, ಸುಂಕದ ಲೆಕ್ಕ, ಪಾನನಿಷೇಧದ ಚಳವಳಿ ಇವು ನೆನಪಿಗೆ ಬರುತ್ತವೆ. ಆದರೆ ಜವೆ, ಗೋಧಿ ಮೊದಲಾದ ಧಾನ್ಯಗಳಿಂದ ಆಗುವ ಪಾನೀಯವು ಲೋಕದ ಹಲವು ನಾಡುಗಳಲ್ಲಿ ಬಹುಕಾಲ ತಯಾರಾದುದು ಅಡುಗೆಮನೆಯಲ್ಲಿ. ರೊಟ್ಟಿ ಸುಡುವ ಕೈಯೇ ಬಿಯರನ್ನೂ ಮಾಡುತ್ತಿತ್ತು. ಆ ಕೆಲಸ ಮನೆಯಿಂದ ಹೊರಗೆ ಹೋದದ್ದು ಹೇಗೆ, ಹೋದದ್ದು ಮತ್ತೆ ಮನೆಗೆ ಮರಳಿದ್ದು ಹೇಗೆ, ಈ ಹೋಗುಬರವಿನ ನಡುವೆ ಅದರ ತಿಳಿವಳಿಕೆಯನ್ನು ಉಳಿಸಿದವರು ಯಾರು ಎಂಬ ಪ್ರಶ್ನೆಗಳು ಪಾನೀಯಕ್ಕಷ್ಟೇ ಸಂಬಂಧಿಸಿದವಲ್ಲ. ಕೈಯಲ್ಲಿರುವ ಅರಿವು ಬರಹಕ್ಕೆ ಇಳಿಯುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದು ಪಠ್ಯಗಳನ್ನು ಓದುವ ನಮ್ಮೆಲ್ಲರ ಪ್ರಶ್ನೆಯೂ ಹೌದು.

ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ಪರಂಪರೆಗೆ ಸೇರಿದ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಪಾನಗೋಷ್ಠಿಯನ್ನು ವಿವರವಾಗಿ ವರ್ಣಿಸಿದ್ದಾನೆ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಒಂದು ವಿಷಯವನ್ನು ಬಲ್ಲವನಾಗಿರುವುದು ಬೇರೆ, ಅದನ್ನು ಬಯಸುವುದು ಬೇರೆ ಎಂಬ ವಿವೇಕ ನಮ್ಮ ಪ್ರಾಚೀನ ಕವಿಗಳಿಗೆ ಇತ್ತು. ಅದೇ ವಿವೇಕದಿಂದ ಈ ಬರಹವನ್ನು ಓದಬೇಕೆಂದು ಕೋರುತ್ತೇನೆ.

ಕ್ರಮ

ಚರಿತ್ರೆಗೆ ಹೋಗುವ ಮೊದಲು ಕೆಲಸದ ಕ್ರಮವನ್ನು ತಿಳಿಯುವುದು ಅಗತ್ಯ. ಬಿಯರು ಭಟ್ಟಿ ಇಳಿಸಿದ ಸಾರಾಯಿಯಲ್ಲ. ಅದು ಹುದುಗಿಸಿದ ಪಾನೀಯ. ಜವೆಯ ಕಾಳನ್ನು ನೀರಿನಲ್ಲಿ ನೆನೆಸಿ ಮೊಳಕೆ ಬರಿಸುತ್ತಾರೆ. ಮೊಳಕೆ ಬೆಳೆದು ಕಾಳನ್ನು ತಿಂದುಹಾಕುವ ಮೊದಲೇ ಬಿಸಿಯಲ್ಲಿ ಒಣಗಿಸಿ ನಿಲ್ಲಿಸುತ್ತಾರೆ. ಹೀಗೆ ಸಿದ್ಧವಾದ ಕಾಳಿಗೆ ಮಾಲ್ಟ್ ಎಂದು ಹೆಸರು. ಅದನ್ನು ತರಿತರಿಯಾಗಿ ಒಡೆದು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಇಟ್ಟರೆ, ಮೊಳಕೆಯ ಕಾಲದಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಬಿಸಿ ಹೆಚ್ಚಾದರೆ ಕಿಣ್ವಗಳು ಸಾಯುತ್ತವೆ. ಕಡಿಮೆಯಾದರೆ ಕೆಲಸ ನಿಧಾನವಾಗುತ್ತದೆ. ಸೋಸಿ ತೆಗೆದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಕಹಿಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಒಂದೆರಡು ವಾರಗಳಲ್ಲಿ ಸಕ್ಕರೆಯು ಮದ್ಯಸಾರವೂ ಇಂಗಾಲದ ಡೈಆಕ್ಸೈಡ್ ಅನಿಲವೂ ಆಗುತ್ತದೆ. ಸೀಸೆಗೆ ತುಂಬುವಾಗ ಚಿಟಿಕೆ ಸಕ್ಕರೆ ಸೇರಿಸಿ ಬಿರಡೆ ಹಾಕಿದರೆ ಅನಿಲ ಒಳಗೇ ಉಳಿದು ನೊರೆಯನ್ನು ಕೊಡುತ್ತದೆ.

ಇಷ್ಟನ್ನು ಒಂದು ಕಂಡಿಕೆಯಲ್ಲಿ ಬರೆಯಬಹುದು. ಆದರೆ ಉಷ್ಣಮಾಪಕವಿಲ್ಲದ ಕಾಲದಲ್ಲಿ 65 ಡಿಗ್ರಿಯನ್ನು ಗುರುತಿಸಿದವರು ಹೇಗೆ? ಸೂಕ್ಷ್ಮಜೀವಿಯ ಕಲ್ಪನೆಯೇ ಇಲ್ಲದವರು ಯೀಸ್ಟನ್ನು ಕಾಪಾಡಿಕೊಂಡು ಬಂದದ್ದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಗ್ರಂಥಗಳಲ್ಲಿ ಸಿಗುವುದು ವಿರಳ.

ನಿನ್‌ಕಾಸಿಯ ಸ್ತುತಿ

ಬಿಯರಿನ ತಯಾರಿಕೆಯನ್ನು ಹೇಳುವ ಅತಿ ಪ್ರಾಚೀನ ಪಠ್ಯಗಳಲ್ಲಿ ಒಂದು, ಕ್ರಿಸ್ತಪೂರ್ವ 1800ರ ಸುಮಾರಿನ ಸುಮೇರಿಯನ್ ಸ್ತುತಿ. ಅದರ ದೇವತೆ ನಿನ್‌ಕಾಸಿ. ಬಿಯರಿನ ಅಧಿದೇವತೆ ಹೆಣ್ಣು ಎಂಬುದೇ ಆ ಕೆಲಸ ಯಾರದಾಗಿತ್ತು ಎಂಬುದರ ಸೂಚನೆ. ದೇವತೆಯು ಕಾಳನ್ನು ನೆನೆಸುವುದು, ಹಿಟ್ಟನ್ನು ಪರಿಮಳದ್ರವ್ಯಗಳೊಡನೆ ಕಲಸುವುದು, ಬೇಯಿಸಿದ ಗಂಜಿಯನ್ನು ಜೊಂಡಿನ ಚಾಪೆಗಳ ಮೇಲೆ ಹರಡಿ ಆರಿಸುವುದು, ಕೊನೆಗೆ ಪಾತ್ರೆಯಿಂದ ಬಿಯರು ಸುರಿಯುವುದು ಇವೆಲ್ಲ ಅಲ್ಲಿ ಸ್ತುತಿರೂಪವಾಗಿ ಬರುತ್ತವೆ. ಸುರಿಯುವ ಧಾರೆಯನ್ನು ಟೈಗ್ರಿಸ್, ಯೂಫ್ರಟೀಸ್ ನದಿಗಳ ಪ್ರವಾಹಕ್ಕೆ ಹೋಲಿಸಲಾಗಿದೆ.

ಸುಮೇರಿಯನ್ ಭಾಷೆಯ ವಿದ್ವಾಂಸ ಮಿಗೆಲ್ ಸಿವಿಲ್ 1964ರಲ್ಲಿ ಈ ಸ್ತುತಿಯ ಅನುವಾದವನ್ನು ಪ್ರಕಟಿಸಿದ. ಸ್ತುತಿ ಪಾಕವಿಧಿಯೂ ಆಗಿರಬಹುದೆಂಬ ಊಹೆ ಮೂಡಿದ್ದು ಸಹಜ. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂಯಿಂಗ್ ಕಂಪನಿಯ ಫ್ರಿಟ್ಜ್ ಮೇಟ್ಯಾಗ್, ಮಾನವಶಾಸ್ತ್ರಜ್ಞ ಸಾಲೊಮನ್ ಕಾಟ್ಜ್ ಅವರೊಡಗೂಡಿ ಸ್ತುತಿಯ ಕ್ರಮವನ್ನೇ ಅನುಸರಿಸಿ ಬಿಯರು ತಯಾರಿಸಿದ. ಭಾಷಾಶಾಸ್ತ್ರಜ್ಞನೂ ಕಸುಬುದಾರನೂ ಒಂದೇ ಪಠ್ಯದ ಮುಂದೆ ಕುಳಿತ ಅಪರೂಪದ ಸಂದರ್ಭ ಅದು. ಆದರೆ ಅಲ್ಲಿಗೇ ಮಾತು ಮುಗಿಯಲಿಲ್ಲ. 2012ರಲ್ಲಿ ಪೀಟರ್ ಡಾಮೆರೊ ಎಂಬ ವಿಜ್ಞಾನಚರಿತ್ರಕಾರನ ಲೇಖನವೊಂದು ಈ ಸ್ತುತಿಯ ಆಧಾರದ ಮೇಲೆ ಸುಮೇರಿಯನ್ನರ ತಂತ್ರವನ್ನು ಪುನಾರಚಿಸುವುದು ಸುಲಭವಲ್ಲವೆಂದು ವಾದಿಸಿತು. ‘ಬಪ್ಪಿರ್’ ಎಂಬ ಒಂದು ಶಬ್ದವನ್ನೇ ನೋಡಿ: ಅದನ್ನು ಬಹುಕಾಲ ‘ಬಿಯರು ರೊಟ್ಟಿ’ ಎಂದು ಅನುವಾದಿಸಲಾಗುತ್ತಿತ್ತು, ಅದು ನಿಜವಾಗಿ ರೊಟ್ಟಿಯೋ ಅಲ್ಲವೋ ಎಂಬುದೇ ವಿವಾದ. ಆ ಕಾಲದ ಕೇಳುಗನಿಗೆ ಶಬ್ದವೊಂದೇ ಸಾಕಾಗಿತ್ತು, ಏಕೆಂದರೆ ವಸ್ತು ಅವನ ಮನೆಯಲ್ಲಿತ್ತು. ವಸ್ತು ಮರೆಯಾದ ಮೇಲೆ ಶಬ್ದ ಮಾತ್ರ ನಮ್ಮ ಪಾಲಿಗೆ ಉಳಿದಿದೆ.

ಕಿಣ್ವ ಎಂಬ ಪದ

ಇಲ್ಲಿ ನಮಗೆ ಹತ್ತಿರದ ಒಂದು ಪಠ್ಯವನ್ನು ನೆನೆಯಬೇಕು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಪಾನೀಯಭೇದಗಳನ್ನೂ ಅವುಗಳ ದ್ರವ್ಯಪ್ರಮಾಣವನ್ನೂ ಅದು ಕೊಡುತ್ತದೆ. ಉದ್ದು, ಅಕ್ಕಿ, ಕೆಲವು ಮೂಲಿಕೆಗಳನ್ನು ಸೇರಿಸಿ ಹುದುಗಿನ ಮುದ್ದೆಯನ್ನು ಕಟ್ಟುವ ವಿಧಾನವೂ ಅಲ್ಲಿದೆ. ಆ ಮುದ್ದೆಗೆ ಅರ್ಥಶಾಸ್ತ್ರದ ಹೆಸರು ‘ಕಿಣ್ವ’.

ಸುರೆಯ ವ್ಯವಹಾರವನ್ನು ರಾಜ್ಯದ ಹಿಡಿತದಲ್ಲಿ ಇಡಬಯಸುವ ಅದೇ ಪ್ರಕರಣ ಎರಡು ವಿನಾಯಿತಿಗಳನ್ನು ಕೊಡುತ್ತದೆ. ಕುಟುಂಬಿಗಳು ಮನೆಯ ವಿಶೇಷಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು; ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಸಡಿಲಿಕೆಯುಂಟು. ಕಿಣ್ವ, ಸುರೆಗಳಿಗೆ ಸಂಬಂಧಿಸಿದ ಕೆಲಸವನ್ನು ಹೆಂಗಸರಿಗೂ ಮಕ್ಕಳಿಗೂ ಅದು ವಹಿಸುತ್ತದೆ. ಮನೆಯ ತಯಾರಿಕೆಗೂ ರಾಜ್ಯದ ಬೊಕ್ಕಸಕ್ಕೂ ನಡುವಣ ಎಳೆದಾಟ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇಂದಿನ ಕನ್ನಡ ವಿಜ್ಞಾನಸಾಹಿತ್ಯದಲ್ಲಿ ಕಿಣ್ವವೆಂದರೆ ಎನ್‌ಜೈಮ್. ಕುತೂಹಲದ ಸಂಗತಿಯೆಂದರೆ, ಎನ್‌ಜೈಮ್ ಎಂಬ ಪದವೂ ಗ್ರೀಕ್ ಭಾಷೆಯ ‘ಹುದುಗಿನ ಒಳಗಿನದು’ ಎಂಬ ಅರ್ಥದ ಮಾತಿನಿಂದ ಬಂದದ್ದು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಜೀವಕೋಶಗಳಿಲ್ಲದ ರಸವನ್ನು ತೆಗೆದು, ಆ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದ. ಜೀವರಸಾಯನಶಾಸ್ತ್ರದ ಒಂದು ದೊಡ್ಡ ಬಾಗಿಲು ಅಲ್ಲಿ ತೆರೆಯಿತು. ನಮ್ಮ ಪರಿಭಾಷಾಕಾರರು ಸುರೆಯ ಗಡಿಗೆಯಲ್ಲಿದ್ದ ಹಳೆಯ ಪದವನ್ನು ಪ್ರಯೋಗಶಾಲೆಗೆ ತಂದಾಗ ಎರಡು ಭಾಷೆಗಳ ಪದಚರಿತ್ರೆಗಳು ಒಂದೇ ಪಾತ್ರೆಯಲ್ಲಿ ಕೂಡಿದವು.

ದಂಡದ ಪಟ್ಟಿಯಲ್ಲಿ ಉಳಿದ ಹೆಂಗಸರು

ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಪ್ಸ್ ಇಲ್ಲದ ‘ಏಲ್’ ನಿತ್ಯದ ಪಾನೀಯವಾಗಿತ್ತು. ಅದು ಕೆಲವೇ ದಿನಗಳಲ್ಲಿ ಹುಳಿಯುತ್ತಿತ್ತು. ಆದುದರಿಂದ ಒಂದು ಮನೆಯವರು ತಯಾರಿಸಿದಾಗ ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ನೆರೆಹೊರೆಗೆ ಮಾರುತ್ತಿದ್ದರು. ಮುಂದಿನ ಸಲ ನೆರೆಯವರ ಸರದಿ. ಈ ಸರದಿಯ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಜೂಡಿತ್ ಬೆನೆಟ್ ಎಂಬ ಚರಿತ್ರಕಾರ್ತಿ 1996ರಲ್ಲಿ ಪ್ರಕಟಿಸಿದ ಅಧ್ಯಯನ 1300ರಿಂದ 1600ರವರೆಗಿನ ಈ ಹೆಂಗಸರ ಕಥೆಯನ್ನು ಹೇಳುತ್ತದೆ. ಆಕೆಗೆ ದೊರೆತ ಮುಖ್ಯ ಆಧಾರ ಸ್ಥಳೀಯ ನ್ಯಾಯಸಭೆಗಳ ದಂಡದ ಪಟ್ಟಿಗಳು. ಏಲಿನ ಬೆಲೆಯನ್ನೂ ಗುಣಮಟ್ಟವನ್ನೂ ನಿಯಂತ್ರಿಸುವ ಕಟ್ಟಳೆಯ ಹೆಸರಿನಲ್ಲಿ ಮಾರಾಟಕ್ಕೆ ತಯಾರಿಸಿದವರಿಂದ ಸಣ್ಣ ದಂಡವನ್ನು ಪಡೆಯಲಾಗುತ್ತಿತ್ತು. ವಾಸ್ತವದಲ್ಲಿ ಅದು ಪರವಾನಗಿಯ ಶುಲ್ಕದಂತೆ ನಡೆಯಿತು. ಕವಿಗಳು ಹೆಸರಿಸದ ಹೆಂಗಸರನ್ನು ದಂಡ ವಸೂಲಿ ಮಾಡಿದ ಗುಮಾಸ್ತ ಹೆಸರಿಸಿದ್ದಾನೆ.

ಬದಲಾವಣೆ ತಂದದ್ದು ಹಾಪ್ಸ್. ಅದು ಪಾನೀಯವನ್ನು ಕೆಡದಂತೆ ಕಾಯುತ್ತದೆಂಬುದನ್ನು 12ನೆಯ ಶತಮಾನದಲ್ಲಿಯೇ ಜರ್ಮನಿಯ ಸಂನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡ್ ಬರೆದಿದ್ದಳು. 1400ರ ಸುಮಾರಿಗೆ ಡಚ್ ಮತ್ತು ಫ್ಲೆಮಿಶ್ ನಾಡುಗಳಿಂದ ಹಾಪ್ಸ್ ಹಾಕಿದ ಬಿಯರು ಇಂಗ್ಲೆಂಡಿಗೆ ಬಂದಿತು. ಕೆಡದ ಪಾನೀಯವನ್ನು ದೊಡ್ಡ ಪ್ರಮಾಣದಲ್ಲಿ ಮಾಡಬಹುದು, ದೂರಕ್ಕೆ ಸಾಗಿಸಬಹುದು, ಸೈನ್ಯಕ್ಕೆ ಒದಗಿಸಬಹುದು. ಅದಕ್ಕೆ ಬಂಡವಾಳ ಬೇಕು, ಸಾಲ ಬೇಕು, ಸಂಘದ ಸದಸ್ಯತ್ವ ಬೇಕು. ಇವು ಆ ಕಾಲದ ಹೆಂಗಸರಿಗೆ ಎಟುಕುತ್ತಿರಲಿಲ್ಲ. 1600ರ ಹೊತ್ತಿಗೆ ಪೇಟೆಗಳಲ್ಲಿ ಈ ಕಸುಬು ಬಹುಮಟ್ಟಿಗೆ ಗಂಡಸರ ಕೈಸೇರಿತ್ತು. ಕೌಶಲವನ್ನು ಕಳೆದುಕೊಂಡುದರಿಂದ ಹೆಂಗಸರು ಹಿಂದೆ ಸರಿದವರಲ್ಲ. ಕೌಶಲವು ಲಾಭದಾಯಕವಾದಾಗ ಅವರನ್ನು ಸರಿಸಲಾಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತಳಾದ ಮಾರ್ಜರಿ ಕೆಂಪ್ ಇಲ್ಲಿ ನೆನಪಾಗುತ್ತಾಳೆ. ಇಂಗ್ಲಿಷಿನ ಮೊದಲ ಆತ್ಮಕಥೆಯೆಂದು ಹೆಸರಾದ ಆಕೆಯ ಗ್ರಂಥ 15ನೆಯ ಶತಮಾನದ್ದು. ಆಕೆ ಹೇಳಿದುದನ್ನು ಇತರರು ಬರೆದುಕೊಂಡರು. ಅದರ ಹಸ್ತಪ್ರತಿ ಬೆಳಕಿಗೆ ಬಂದದ್ದು 1934ರಲ್ಲಿ. ಲಿನ್ ಪಟ್ಟಣದಲ್ಲಿ ತಾನು ಮೂರುನಾಲ್ಕು ವರ್ಷ ದೊಡ್ಡ ಪ್ರಮಾಣದಲ್ಲಿ ಏಲ್ ತಯಾರಿಸಿದೆನೆಂದೂ, ಚೆನ್ನಾಗಿ ಏರಿ ನಿಂತಿದ್ದ ನೊರೆ ಇದ್ದಕ್ಕಿದ್ದಂತೆ ಕುಸಿದು ಪಾನೀಯವೆಲ್ಲ ಹಾಳಾಗುತ್ತಿತ್ತೆಂದೂ, ಇದು ತನ್ನ ಗರ್ವಕ್ಕೆ ದೇವರು ಕೊಟ್ಟ ಶಿಕ್ಷೆಯೆಂದೂ ಆಕೆ ಹೇಳುತ್ತಾಳೆ. ಇಂದಿನ ಓದುಗ ಇದನ್ನು ದುರ್ಬಲ ಯೀಸ್ಟಿನ ಅಥವಾ ಅಶುದ್ಧ ಪಾತ್ರೆಯ ಲಕ್ಷಣವೆಂದು ಗುರುತಿಸಬಹುದು. ಆದರೆ ಕಾರಣ ಕಾಣದ ಕೆಲಸದಲ್ಲಿ ಸೋಲು ದೈವದ ಮಾತಾಗಿ ಕೇಳಿಸುವುದು ಸಹಜ. 1516ರ ಬವೇರಿಯಾದ ಪ್ರಸಿದ್ಧ ಕಟ್ಟಳೆ ಬಿಯರಿಗೆ ಜವೆ, ಹಾಪ್ಸ್, ನೀರು ಇವಿಷ್ಟನ್ನೇ ವಿಧಿಸಿತು. ಯೀಸ್ಟಿನ ಹೆಸರೇ ಅದರಲ್ಲಿಲ್ಲ. ಯೀಸ್ಟಿನ ಪಾತ್ರವನ್ನೂ ಬಿಯರು ಕೆಡುವ ಕಾರಣವನ್ನೂ ವಿವರಿಸುವ ಲೂಯಿ ಪಾಶ್ಚರನ ಗ್ರಂಥ ಬಂದದ್ದು 1876ರಲ್ಲಿ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ್ದು 1883ರಲ್ಲಿ.

ಕಾಬೆಟ್ಟನ ಕೋಪ

ಪೇಟೆಯಲ್ಲಿ ಕಸುಬು ಕೈಬದಲಾದರೂ ಹಳ್ಳಿಯ ಮನೆಗಳಲ್ಲಿ ಅದು ಉಳಿದಿತ್ತು. ಜರ್ವೇಸ್ ಮಾರ್ಕಮ್ 1615ರಲ್ಲಿ ಪ್ರಕಟಿಸಿದ ‘ದಿ ಇಂಗ್ಲಿಷ್ ಹೌಸ್‌ವೈಫ್’ ಗೃಹಿಣಿಯು ಬಲ್ಲವಳಾಗಿರಬೇಕಾದ ವಿದ್ಯೆಗಳಲ್ಲಿ ಅಡುಗೆ, ಔಷಧ, ಹೈನುಗಳ ಜೊತೆಗೆ ಮಾಲ್ಟ್ ಮತ್ತು ಬಿಯರಿನ ತಯಾರಿಕೆಯನ್ನೂ ಸೇರಿಸುತ್ತದೆ. ಇನ್ನೂರು ವರ್ಷಗಳ ತರುವಾಯ ವಿಲಿಯಂ ಕಾಬೆಟ್ ಎಂಬ ಪ್ರಖರ ಗದ್ಯಲೇಖಕ 1821–22ರಲ್ಲಿ ಕಂತುಕಂತಾಗಿ ಹೊರತಂದ ‘ಕಾಟೇಜ್ ಇಕಾನಮಿ’ ಬಿಯರು ತಯಾರಿಕೆಯಿಂದಲೇ ಆರಂಭವಾಗುತ್ತದೆ. ಆದರೆ ಎರಡು ಗ್ರಂಥಗಳ ಧ್ವನಿ ಬೇರೆ. ಮಾರ್ಕಮ್ ಇರುವ ವಿದ್ಯೆಯನ್ನು ದಾಖಲಿಸುತ್ತಾನೆ. ಕಾಬೆಟ್ ಅಳಿಯುತ್ತಿರುವ ವಿದ್ಯೆಗಾಗಿ ಜಗಳವಾಡುತ್ತಾನೆ. ನಲವತ್ತು ವರ್ಷಗಳ ಹಿಂದೆ ಕೂಲಿಕಾರರ ಮನೆಮನೆಯಲ್ಲಿಯೂ ಇದ್ದ ರೂಢಿ ಈಗ ಕಾಣದಾಗಿದೆ ಎಂಬುದು ಅವನ ಅಳಲು. ಮಾಲ್ಟಿನ ಮೇಲಿನ ಸುಂಕ, ಇಳಿದ ಕೂಲಿ ಇವೇ ಕಾರಣವೆಂದು ಅವನು ದೂರಿದ. ಬಿಯರಿನ ಸ್ಥಾನವನ್ನು ಹಿಡಿದ ಚಹದ ಮೇಲೆ ಅವನಿಗೆ ವಿಪರೀತ ಸಿಟ್ಟು. ಚಹಕ್ಕೆ ವ್ಯಯವಾಗುವ ಹಣ, ಸಮಯ, ಸೌದೆಗಳ ಲೆಕ್ಕವನ್ನೆಲ್ಲ ಹಾಕಿ ತೋರಿಸುತ್ತಾನೆ.

ಚಹದ ಬಗೆಗೆ ಅವನ ಮಾತನ್ನು ಒಪ್ಪಬೇಕಾಗಿಲ್ಲ. ಆದರೆ ವಿದ್ಯೆಯ ಅಳಿವಿನ ಬಗೆಗೆ ಅವನು ಕಂಡ ಸತ್ಯ ದೊಡ್ಡದು. ಒಂದು ತಲೆಮಾರು ಮಾಡದೆ ಬಿಟ್ಟರೆ ಮುಂದಿನ ತಲೆಮಾರಿಗೆ ಮಾಡಲು ಬರುವುದಿಲ್ಲ; ಆಗ ಪುಸ್ತಕ ಬೇಕಾಗುತ್ತದೆ. ಗೃಹವಿದ್ಯೆಯೊಂದಕ್ಕೆ ಪುಸ್ತಕ ಬೇಕಾಯಿತೆಂದರೆ ಅದರ ಪರಂಪರೆ ಎಲ್ಲಿಯೋ ಕಡಿದಿದೆ ಎಂದೇ ಅರ್ಥ.

ಇಂಗ್ಲೆಂಡಿನಲ್ಲಿ 1697ರಿಂದ ನಡೆದುಬಂದ ಮಾಲ್ಟ್ ಸುಂಕವನ್ನು ಗ್ಲ್ಯಾಡ್‌ಸ್ಟನ್ 1880ರಲ್ಲಿ ರದ್ದುಮಾಡಿ ಸುಂಕವನ್ನು ಬಿಯರಿನ ಮೇಲೆಯೇ ಹಾಕಿದ. ಇದರಿಂದ ಮನೆಯಲ್ಲಿ ತಯಾರಿಸುವವನೂ ಪರವಾನಗಿ ಪಡೆಯಬೇಕಾಯಿತು. ಅರ್ಥಶಾಸ್ತ್ರ ಕುಟುಂಬಿಗೆ ಕೊಟ್ಟ ವಿನಾಯಿತಿಯ ಜಾಗದಲ್ಲಿ ಇಲ್ಲಿ ಕಾಗದಪತ್ರ ಬಂದಿತು. ಮುಂದಿನ 83 ವರ್ಷ ಮನೆಯ ಬಿಯರು ಒಂದು ಬಗೆಯ ಅರೆಗತ್ತಲಲ್ಲಿ ಬದುಕಿತು.

ಪೀಟರ್ ಹೆಮಿಂಗ್ಸ್

ಅಮೆರಿಕದ ಚರಿತ್ರೆಯಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಥಾಮಸ್ ಜೆಫರ್ಸನ್ನನ ಮಾಂಟಿಚೆಲ್ಲೊ ಎಸ್ಟೇಟಿನಲ್ಲಿ ಪೀಟರ್ ಹೆಮಿಂಗ್ಸ್ ಎಂಬ ಗುಲಾಮನಿದ್ದ. ಆತ ಮೊದಲು ಅಡುಗೆಯವನು. 1813ರ ಸುಮಾರಿಗೆ ಜೋಸೆಫ್ ಮಿಲ್ಲರ್ ಎಂಬ ಇಂಗ್ಲಿಷ್ ಕಸುಬುದಾರನಿಂದ ಮಾಲ್ಟ್ ಮತ್ತು ಬಿಯರು ತಯಾರಿಕೆಯನ್ನು ಕಲಿತು ಬಹುಬೇಗ ಅದರಲ್ಲಿ ನುರಿತ. ಆತನ ಬುದ್ಧಿಶಕ್ತಿಯನ್ನೂ ಶ್ರದ್ಧೆಯನ್ನೂ ಜೆಫರ್ಸನ್ ಪತ್ರದಲ್ಲಿ ಹೊಗಳಿದ್ದಾನೆ. ನೆರೆಯ ಎಸ್ಟೇಟಿನ ಜೇಮ್ಸ್ ಮ್ಯಾಡಿಸನ್ ತನ್ನ ಆಳನ್ನು ಕಳುಹಿಸಿದರೆ ಪೀಟರ್ ಕಲಿಸುವನೆಂದು 1820ರಲ್ಲಿ ಸೂಚಿಸಿದ್ದಾನೆ.

ಮರುವರ್ಷ ಜೇಮ್ಸ್ ಬಾರ್ಬರ್ ಎಂಬವನು ತಯಾರಿಕೆಯ ವಿಧಿಯನ್ನು ಬರೆದು ಕಳುಹಿಸಬೇಕೆಂದು ಕೇಳಿದಾಗ, ತನ್ನ ಬಳಿ ಅಂತಹ ವಿಧಿಯಿಲ್ಲವೆಂದೂ ಬರೆದ ವಿಧಿಯೊಂದರಿಂದ ಈ ಕೆಲಸವನ್ನು ಯಶಸ್ವಿಯಾಗಿ ಮಾಡಲು ಸಾಧ್ಯವೇ ಎಂಬುದು ತನಗೆ ಸಂಶಯವೆಂದೂ ಜೆಫರ್ಸನ್ ಉತ್ತರಿಸಿದ. ಪುಸ್ತಕಗಳಿಲ್ಲದೆ ಬದುಕಲಾರೆನೆಂದ ಗ್ರಂಥಪ್ರಿಯನ ಬಾಯಿಂದ ಬಂದ ಮಾತು ಇದು. ವಿದ್ಯೆ ಇದ್ದದ್ದು ಅವನ ಗ್ರಂಥಾಲಯದಲ್ಲಲ್ಲ, ಅವನು ಆಸ್ತಿಯೆಂದು ಲೆಕ್ಕಹಾಕಿದ ಒಬ್ಬ ಮನುಷ್ಯನ ಕೈಯಲ್ಲಿ. ಜೆಫರ್ಸನ್ ತೀರಿಕೊಂಡ ಮೇಲೆ 1827ರಲ್ಲಿ ನಡೆದ ಹರಾಜಿನಲ್ಲಿ ಪೀಟರನನ್ನು ಸ್ವತಂತ್ರನಾಗಿದ್ದ ಆತನ ಬಂಧುವೇ ಒಂದು ಡಾಲರಿಗೆ ಕೊಂಡು ಬಿಡುಗಡೆಗೊಳಿಸಿದ. ಪೀಟರನ ತಿಳಿವಳಿಕೆಯ ಬಗೆಗೆ ನಮಗೆ ಸಿಗುವುದೆಲ್ಲ ಒಡೆಯನ ಪತ್ರಗಳಲ್ಲಿನ ಪ್ರಾಸಂಗಿಕ ಉಲ್ಲೇಖ. ಕಸುಬಿನ ಚರಿತ್ರೆಯನ್ನು ಬರೆಯುವವರು ಈ ಅಸಮತೆಯನ್ನು ಮರೆಯುವಂತಿಲ್ಲ.

ನೆರೆಮನೆಯ ಹುದುಗು

ಕಡಿಯದೆ ಉಳಿದ ಪರಂಪರೆಯೂ ಒಂದಿದೆ. ನಾರ್ವೆಯ ಪಶ್ಚಿಮ ಭಾಗದ ವಾಸ್, ಹಾರ್ಡಾಂಗರ್, ಸುನ್ಮೋರೆ ಪ್ರದೇಶಗಳ ರೈತರ ಮನೆಗಳಲ್ಲಿ ಕ್ವೈಕ್ ಎಂಬ ಹುದುಗನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಕೆತ್ತಿದ ಮರದ ತುಂಡುಗಳನ್ನು ಜೋಡಿಸಿ ಮಾಡಿದ ಬಳೆಯೊಂದನ್ನು ಹುದುಗುತ್ತಿರುವ ಬಿಯರಿನಲ್ಲಿ ಅದ್ದಿ ಒಣಗಲು ತೂಗುಹಾಕುತ್ತಿದ್ದರು. ಸಂದಿಗಳಲ್ಲಿ ಒಣಗಿ ಅಂಟಿಕೊಂಡ ಯೀಸ್ಟ್ ಮುಂದಿನ ಹಬ್ಬದವರೆಗೆ ಜೀವದಿಂದಿರುತ್ತಿತ್ತು. ತಮ್ಮದು ಕೆಟ್ಟರೆ ನೆರೆಮನೆಯಿಂದ ತರುತ್ತಿದ್ದರು. ನಮ್ಮಲ್ಲಿ ಮೊಸರಿಗೆ ಹೆಪ್ಪು ಕೇಳಿ ತರುವ ರೂಢಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕೊಟ್ಟರೆ ಕಡಿಮೆಯಾಗದ, ಕೊಡದಿದ್ದರೆ ನಾಶವಾಗಬಹುದಾದ ಸಂಪತ್ತು ಇದು: ನೆರೆಯವನಿಗೆ ಕೊಟ್ಟದ್ದು ಒಂದು ದಿನ ತನಗೇ ಮರಳಿ ಬೇಕಾಗುತ್ತದೆ.

ಓಡ್ ನೋರ್ಡ್ಲಾಂಡ್ 1969ರಲ್ಲಿ ಪ್ರಕಟಿಸಿದ ಗ್ರಂಥ ಹಳ್ಳಿಗರಿಗೆ ಕಳುಹಿಸಿದ ಪ್ರಶ್ನಾವಳಿಗಳ ಉತ್ತರಗಳಿಂದ ಈ ರೂಢಿಗಳನ್ನು ದಾಖಲಿಸಿತು. ಆಮೇಲೆ ಲಾರ್ಸ್ ಮರಿಯಸ್ ಗಾರ್ಶೋಲ್ ಊರೂರು ತಿರುಗಿ ಉಳಿದಿರುವ ತಯಾರಕರನ್ನು ಕಂಡು ಬರೆದ. ಹುದುಗಿನ ಮಾದರಿಗಳು ಪ್ರಯೋಗಶಾಲೆಗಳಿಗೂ ಹವ್ಯಾಸಿಗಳಿಗೂ ತಲುಪಿದವು. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕ್ವೈಕ್ ಯೀಸ್ಟುಗಳು ಮನುಷ್ಯರು ಪಳಗಿಸಿದ ಒಂದು ಪ್ರತ್ಯೇಕ ಆನುವಂಶಿಕ ಗುಂಪೆಂದು ತೋರಿಸಿತು. ಸಾಮಾನ್ಯ ಏಲ್ ಯೀಸ್ಟುಗಳಿಗೆ 20 ಡಿಗ್ರಿಯ ಆಸುಪಾಸು ಹಿತವಾದರೆ ಇವು 40 ಡಿಗ್ರಿಯ ಹತ್ತಿರವೂ ಸೊಗಸಾಗಿ ಕೆಲಸ ಮಾಡುತ್ತವೆ. ಅಕ್ಷರದಲ್ಲಿ ದಾಖಲಾಗದ ಶತಮಾನಗಳ ಆಯ್ಕೆ ಜೀವಕೋಶದಲ್ಲಿ ದಾಖಲಾಗಿದೆ. ಇದನ್ನೂ ಒಂದು ಹಸ್ತಪ್ರತಿಯೆಂದು ಕರೆಯಬಹುದಾದರೆ, ಪ್ರತಿಕಾರರು ಈ ರೈತರು.

ಹವ್ಯಾಸಿಗಳ ಗ್ರಂಥಪರಂಪರೆ

20ನೆಯ ಶತಮಾನದಲ್ಲಿ ಮನೆಯ ಬಿಯರು ಮತ್ತೆ ತಲೆಯೆತ್ತಿದ್ದು ಹವ್ಯಾಸವಾಗಿ. 1963ರ ಏಪ್ರಿಲಿನ ಆಯವ್ಯಯದಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಪರವಾನಗಿಯ ನಿಯಮವನ್ನು ತೆಗೆದುಹಾಕಿದ. ಮಾರುವುದಕ್ಕಲ್ಲದೆ ಸ್ವಂತಕ್ಕೆ ತಯಾರಿಸಲು ಇನ್ನು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ವರ್ಷ ಸಿ. ಜೆ. ಜೆ. ಬೆರಿಯ ‘ಹೋಮ್ ಬ್ರೂಡ್ ಬಿಯರ್ಸ್ ಅಂಡ್ ಸ್ಟೌಟ್ಸ್’ ಹೊರಬಂದಿತು. 1974ರಲ್ಲಿ ಡೇವ್ ಲೈನ್ ಬರೆದ ‘ದಿ ಬಿಗ್ ಬುಕ್ ಆಫ್ ಬ್ರೂಯಿಂಗ್’ ಸಿದ್ಧಪಾಕದ ಡಬ್ಬಿಯನ್ನು ಬಿಟ್ಟು ಕಾಳಿನಿಂದಲೇ ಆರಂಭಿಸಲು ಹವ್ಯಾಸಿಗಳಿಗೆ ಧೈರ್ಯ ಕೊಟ್ಟಿತು. 1971ರಲ್ಲಿ ಸೇರಿದ ಡರ್ಡನ್ ಪಾರ್ಕ್ ಬಿಯರ್ ಸರ್ಕಲ್ ಎಂಬ ಸಣ್ಣ ಗುಂಪಿನ ಕೆಲಸ ಸಂಶೋಧಕರ ಗಮನಕ್ಕೆ ಅರ್ಹ. ಹಳೆಯ ಪೋರ್ಟರ್, ಸ್ಟೌಟುಗಳ ವಿಧಿಗಳನ್ನು ಅದು ಹುಡುಕಿತು. ಸದಸ್ಯರು ತಯಾರಿಸಿ ರುಚಿನೋಡಿ ತಿದ್ದಿದರು. ಫಲಿತಾಂಶವನ್ನು 1976ರಲ್ಲಿ ಪುಸ್ತಕವಾಗಿ ಹೊರತಂದರು. ಗ್ರಂಥಸಂಪಾದಕನು ಪಾಠಾಂತರಗಳನ್ನು ತೂಗಿನೋಡುವ ಕೆಲಸಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಅಮೆರಿಕದ ದಾರಿ ಇನ್ನೂ ಸುತ್ತುಬಳಸಿನದು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಲ್ಲಿ ಪಾನನಿಷೇಧವಿತ್ತು. ಮಾಲ್ಟಿನ ಪಾಕ ಅಡುಗೆಯ ಸಾಮಗ್ರಿಯೆಂಬ ಹೆಸರಿನಲ್ಲಿ ಡಬ್ಬಿಗಳಲ್ಲಿ ಮಾರಾಟವಾಗುತ್ತಿತ್ತು. ಕೊಳ್ಳುವವರಿಗೂ ಮಾರುವವರಿಗೂ ಅದರ ನಿಜವಾದ ಉಪಯೋಗ ಗೊತ್ತಿತ್ತು. ನಿಷೇಧ ಹೋದ ಮೇಲೆ ಮನೆಯ ದ್ರಾಕ್ಷಾರಸಕ್ಕೆ ಒಕ್ಕೂಟದ ಕಾನೂನಿನಲ್ಲಿ ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಸೆನೆಟರ್ ಆಲನ್ ಕ್ರ್ಯಾನ್‌ಸ್ಟನ್ ತಂದ ತಿದ್ದುಪಡಿಯನ್ನು ಒಳಗೊಂಡ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿಹಾಕಿದ ಮೇಲೆ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 379 ಲೀಟರ್, ಬಿಯರನ್ನು ಸುಂಕವಿಲ್ಲದೆ ತಯಾರಿಸಿಕೊಳ್ಳಬಹುದಾಯಿತು. ಇಬ್ಬರು ವಯಸ್ಕರಿರುವ ಮನೆಗೆ 200 ಗ್ಯಾಲನ್. ರಾಜ್ಯಗಳ ಕಾನೂನು ಬೇರೆಯಾದುದರಿಂದ ಅಲಬಾಮ, ಮಿಸಿಸಿಪಿಗಳಲ್ಲಿ ಇದು ಒಪ್ಪಿತವಾಗಲು 2013ರವರೆಗೆ ಕಾಯಬೇಕಾಯಿತು.

ಕಾನೂನು ಸಡಿಲವಾಗುವ ಮೊದಲೇ ಹವ್ಯಾಸಿಗಳು ಗುಂಪುಗೂಡಿದ್ದರು. ಲಾಸ್ ಏಂಜಲೀಸಿನ ಮಾಲ್ಟೋಸ್ ಫಾಲ್ಕನ್ಸ್ ಬಳಗ 1974ರದು. ಕೊಲೊರಾಡೊದ ಬೌಲ್ಡರ್ ಪಟ್ಟಣದಲ್ಲಿ ಶಾಲಾಶಿಕ್ಷಕನಾಗಿದ್ದ ಚಾರ್ಲಿ ಪಪಾಜಿಯನ್ ಸಂಜೆಯ ಪಾಠಗಳಲ್ಲಿ ಬಿಯರು ತಯಾರಿಕೆ ಕಲಿಸುತ್ತಿದ್ದ. 1978ರಲ್ಲಿ ಆತನೂ ಚಾರ್ಲಿ ಮ್ಯಾಟ್ಜೆನ್ನನೂ ಅಮೆರಿಕನ್ ಹೋಮ್‌ಬ್ರೂಯರ್ಸ್ ಅಸೋಸಿಯೇಷನ್ ಸ್ಥಾಪಿಸಿ ‘ಜೈಮರ್ಜಿ’ ಪತ್ರಿಕೆಯನ್ನು ಆರಂಭಿಸಿದರು. 1984ರಲ್ಲಿ ವ್ಯಾಪಕವಾಗಿ ಪ್ರಕಟವಾದ ಪಪಾಜಿಯನ್ನನ ‘ದಿ ಕಂಪ್ಲೀಟ್ ಜಾಯ್ ಆಫ್ ಹೋಮ್‌ಬ್ರೂಯಿಂಗ್’ ಲಕ್ಷಾಂತರ ಓದುಗರನ್ನು ಮುಟ್ಟಿತು. ಅದರ ಯಶಸ್ಸಿಗೆ ಕಾರಣ ಧ್ವನಿ. ಹೆದರಬೇಡಿ, ಸಣ್ಣ ತಪ್ಪುಗಳಿಂದ ಬಿಯರು ಕೆಡದು ಎಂದು ಅದು ಪುಟಪುಟದಲ್ಲಿಯೂ ಸಮಾಧಾನ ಹೇಳುತ್ತದೆ. ಪಕ್ಕದಲ್ಲಿ ನಿಂತು ಕಲಿಸುವ ಹಿರಿಯಳು ಮಾಡುತ್ತಿದ್ದುದು ಇದನ್ನೇ. ಕಡಿದ ಪರಂಪರೆಯಲ್ಲಿ ವಿಧಿಗಿಂತ ಮೊದಲು ಕಳೆದುಹೋದದ್ದು ಆ ಭರವಸೆ.

ವಿಮರ್ಶೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಬೆಳವಣಿಗೆ ಕುತೂಹಲಕರ. 1985ರಲ್ಲಿ ಬಿಯರು ತೀರ್ಪುಗಾರರನ್ನು ಪರೀಕ್ಷಿಸಿ ಮಾನ್ಯಮಾಡುವ ವ್ಯವಸ್ಥೆ ಆರಂಭವಾಯಿತು. ಅವರ ಪತ್ರದಲ್ಲಿ ಒಟ್ಟು 50 ಅಂಕಗಳು: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಗುಣಕ್ಕೆ 5, ಒಟ್ಟು ಪರಿಣಾಮಕ್ಕೆ 10. ತಯಾರಕನ ಹೆಸರು ತೀರ್ಪುಗಾರನಿಗೆ ತಿಳಿಯದು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ಬರೆದರೆ ಸಾಲದು. ಬೆಣ್ಣೆಯ ವಾಸನೆ, ಹಸಿ ಸೇಬಿನ ವಾಸನೆ, ಬೇಯಿಸಿದ ಜೋಳದ ವಾಸನೆ ಎಂದು ದೋಷವನ್ನು ಹೆಸರಿಸಬೇಕು, ಕಾರಣವನ್ನು ಊಹಿಸಬೇಕು, ಪರಿಹಾರವನ್ನು ಸೂಚಿಸಬೇಕು. ಆ ಪತ್ರ ತಯಾರಕನಿಗೆ ಮರಳುತ್ತದೆ. ಮಾರ್ಜರಿ ಕೆಂಪಳಿಗೆ ಸಿಗದಿದ್ದುದು ಇಂತಹ ಪತ್ರ. ದೋಷಕ್ಕೆ ಹೆಸರಿದ್ದರೆ ಅದು ಶಾಪವಾಗಿ ಉಳಿಯುವುದಿಲ್ಲ, ತಿದ್ದಬಹುದಾದ ಸಂಗತಿಯಾಗುತ್ತದೆ.

ಆದರೆ ಈ ಪುನರುಜ್ಜೀವನದಲ್ಲಿ ಒಂದು ವ್ಯಂಗ್ಯವೂ ಇದೆ. ಹವ್ಯಾಸದ ಪುಸ್ತಕಗಳ ಲೇಖಕರೂ ಬಳಗಗಳ ಸದಸ್ಯರೂ ಹೆಚ್ಚಾಗಿ ಗಂಡಸರು. ನಿನ್‌ಕಾಸಿಯ ವಿದ್ಯೆ ಅಡುಗೆಮನೆಗೆ ಮರಳಿತಾದರೂ ಅದನ್ನು ಕಳೆದುಕೊಂಡವರ ಕೈಗೆ ಅಷ್ಟಾಗಿ ಮರಳಲಿಲ್ಲ.

ನಮಗೆ ಇದರಿಂದ ಏನು?

ಈ ಚರಿತ್ರೆಯಿಂದ ಕನ್ನಡದ ಸಂಶೋಧಕನಿಗೆ ಕಲಿಯತಕ್ಕದ್ದು ಇದೆಯೆಂದು ನನ್ನ ಭಾವನೆ. ನಮ್ಮಲ್ಲಿ ಶಾಸ್ತ್ರಸಾಹಿತ್ಯ ಸಮೃದ್ಧವಾಗಿದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರ ಅಡುಗೆ, ವೃಕ್ಷಾಯುರ್ವೇದ, ಅಂತರ್ಜಲಶೋಧ ಮೊದಲಾದ ಬಾಳಿನ ವಿದ್ಯೆಗಳನ್ನು ಪದ್ಯದಲ್ಲಿ ಹೇಳುತ್ತದೆ. 16ನೆಯ ಶತಮಾನದ ಆದಿಭಾಗದ ಮೂರನೆಯ ಮಂಗರಸನ ಸೂಪಶಾಸ್ತ್ರ ಪಾಕವಿಧಿಗಳನ್ನು ಷಟ್ಪದಿಯಲ್ಲಿ ಕಟ್ಟಿದೆ. ಇವುಗಳ ಛಂದಸ್ಸು, ಭಾಷೆ, ಕಾಲ, ಕರ್ತೃವಿಚಾರಗಳನ್ನು ನಾವು ಚರ್ಚಿಸಿದ್ದೇವೆ. ಆದರೆ ಪದ್ಯವನ್ನು ಒಲೆಯ ಮುಂದೆ ಇಟ್ಟುಕೊಂಡು, ಅಡುಗೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಕ್ರಮ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬೇರೂರಿಲ್ಲ. ಅರ್ಥವಾಗದ ಒಂದು ಪಾತ್ರೆಯ ಹೆಸರು, ಒಂದು ಹದದ ಮಾತು, ಒಂದು ಅಳತೆಯ ಪದ ನಿಘಂಟಿನಲ್ಲಿ ಸಿಗದಿರಬಹುದು. ಊರೊಂದರ ಹಿರಿಯ ಗೃಹಿಣಿಯ ಬಾಯಲ್ಲಿ ಅದು ಇನ್ನೂ ಬಳಕೆಯಲ್ಲಿರಬಹುದು. ಆಕೆಯ ನಂತರ ಆ ಪದಕ್ಕೆ ‘ಬಪ್ಪಿರ್’ ಪದದ ಗತಿಯೇ.

ಡರ್ಡನ್ ಪಾರ್ಕಿನ ಹವ್ಯಾಸಿಗಳು ಪಂಡಿತರಲ್ಲ. ನಾರ್ವೆಯ ರೈತರು ತಮ್ಮನ್ನು ಪ್ರತಿಕಾರರೆಂದು ತಿಳಿದವರಲ್ಲ. ಆದರೂ ಪಠ್ಯವನ್ನು ಕೈಯಿಂದ ಪರೀಕ್ಷಿಸುವುದು, ಸೋತದ್ದನ್ನು ಬರೆದಿಡುವುದು, ಗೆದ್ದದ್ದನ್ನು ಬಚ್ಚಿಡದೆ ನೆರೆಯವನಿಗೆ ಕೊಡುವುದು ಎಂಬ ಮೂರು ನಡೆಗಳಿಂದ ಅವರು ಒಂದು ವಿದ್ಯೆಯನ್ನು ಉಳಿಸಿದ್ದಾರೆ. ಬಿಯರು ನಮಗೆ ಬೇಕಿಲ್ಲದಿರಬಹುದು. ಈ ಮೂರು ನಡೆಗಳು ಬೇಕು. ಮಂಗರಸನ ಒಂದು ಪದ್ಯವನ್ನು ಓದಿ, ಮಾಡಿ, ಬಂದುದನ್ನು ಬಂದಂತೆ ಬರೆದಿಡುವ ವಿದ್ಯಾರ್ಥಿಯೊಬ್ಬ ಮುಂದೆ ಬಂದರೆ ಕನ್ನಡ ಶಾಸ್ತ್ರಸಾಹಿತ್ಯದ ಅಧ್ಯಯನಕ್ಕೆ ಅದೇ ಒಳ್ಳೆಯ ಹೆಪ್ಪಾದೀತು.